ಅಪ್‌ಡೇಟ್: ತಣ್ಣನೆಯ ನೀರಿನಲ್ಲಿ ಕ್ರಾಪಿ ಸಿಕ್ಕಿತು!

ಮಾರ್ಚ್ ಶುರುವಿನ ಚಳಿಯಲ್ಲಿ ನಾರ್ತ್ ಕ್ಯಾರೊಲಿನಾದ ಜಾರ್ಡನ್ ಲೇಕ್‌ನಲ್ಲಿ ಕ್ರಾಪಿ ಮೀನು ಹಿಡಿಯುವುದು ಹೇಗೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ಕೈ ಹಿಡಿದಿದ್ದು "ಮುಳುಗಿದ ಮರದ ಪಕ್ಕ ಫ್ಲೋಟ್ (ದಾರಕ್ಕೆ ಕಟ್ಟುವ ತೇಲುವ ಬೆಂಡು) ಕಟ್ಟಿ, ಜೀವಂತ ಮಿನ್ನೋ (ಗಾಳಕ್ಕೆ ಸಿಕ್ಕಿಸುವ ಪುಟ್ಟ ಮೀನು) ಇಳಿಸಿ, ಸುಮ್ನೆ ಬಿಡಿ" ಅನ್ನುವ ಸಲಹೆ. ಗಾಳ ಮೀನಿಗಿಂತ ಸ್ವಲ್ಪ ಮೇಲೇ ಇರಬೇಕು. ಕ್ರಾಪಿ ಮೇಲಕ್ಕೆ ನೋಡಿ ತಿನ್ನುವ ಮೀನು, ಕೆಳಗೆ ಹೋದದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ.

ದಡದ ಹತ್ತಿರ ಎಸೆಯುವುದು ಫಲ ಕೊಡಲಿಲ್ಲ. ನೀರು ಇನ್ನೂ 50 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನಲ್ಲಿತ್ತು. 60 ದಾಟುವ ಹೊತ್ತಿಗೆ ಮೊಟ್ಟೆ ಇಡಲು ಅವು ದಡಕ್ಕೆ ಬರುತ್ತವೆ, ಅಲ್ಲಿಯವರೆಗೆ ಆಳವೇ ಗತಿ. ಜಿಗ್ (ತೂಕದ ತಲೆಯಿರುವ ಕೃತಕ ಗಾಳ) ಬಳಸುವವರು ಔನ್ಸಿನ 1/32 ಭಾಗದಷ್ಟು ಹಗುರದ್ದು ತಗೊಳ್ಳಿ, ಅದು ನಿಧಾನ ಇಳಿಯುತ್ತದೆ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಕಚ್ಚಿದಾಗ ಫ್ಲೋಟ್ ಮುಳುಗಲೇ ಇಲ್ಲ, ಅಡ್ಡ ಮಲಗಿತು! ಮೀನು ಮೇಲಕ್ಕೆ ಬಂದು ಕಚ್ಚಿದರೆ ದಾರ ಸಡಿಲ ಆಗುತ್ತದೆ ಅಲ್ವಾ, ಅದಕ್ಕೆ. ಆಗ ಜೋರಾಗಿ ಎಳೆಯಬೇಡಿ. ಕ್ರಾಪಿಯ ಬಾಯಿ ಬಲು ತೆಳು, ಹರಿದುಹೋಗುತ್ತದೆ. ಮೆಲ್ಲಗೆ ಎತ್ತಿ, ನೆಟ್ ಹಿಡಿಯಿರಿ.