ಮಳೆಗೆ ಯಾವ ಚರ್ಮದ ಜಾಕೆಟ್ ತಡೆಯುತ್ತೆ?

ಜಯನಗರ ಟು ಮಾರತ್ತಹಳ್ಳಿ
ದಿನಾ ಬೈಕಿನಲ್ಲೇ ಆಫೀಸು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸಂಜೆ ಹೊರಟರೆ ಸಿಲ್ಕ್ ಬೋರ್ಡ್ ದಾಟೋದರೊಳಗೆ ಮಳೆ ಹಿಡಿಯುತ್ತೆ. ಶಿವಾಜಿನಗರದಲ್ಲಿ ಕುರಿ, ಮೇಕೆ, ಎಮ್ಮೆ ಮೂರೂ ಚರ್ಮದ ಜಾಕೆಟ್ ನೋಡಿದೆ. ಕುರಿಯದು ಮೆತ್ತಗೆ, ತುಂಬಾ ಇಷ್ಟವಾಯಿತು. ಮೂರೂ ವಾಟರ್‌ಪ್ರೂಫ್ ಅಂತಾರೆ ಅಂಗಡಿಯವರು. ನಿಜಾನಾ?

ಚರ್ಮದ ಹೊಲಿಗೆಯವನು
ಇಲ್ಲ ಸರ್. ಸೂಜಿ ಹೋದ ಕಡೆಯೆಲ್ಲ ನೀರೂ ಹೋಗುತ್ತೆ. ರಿಪೇರಿಗೆ ಬರುವ ಜಾಕೆಟ್‌ಗಳ ಲೈನಿಂಗ್ ಬಿಚ್ಚಿದರೆ ನೀರಿನ ಕಲೆ ಇರೋದು ಜಿಪ್ಪಿನ ಉದ್ದಕ್ಕೆ, ಹೆಗಲ ಹೊಲಿಗೆಯ ಕೆಳಗೆ. ಅದಕ್ಕೇ ಮೊದಲು ಜಿಪ್ಪಿನ ಹಿಂದೆ ಅಗಲವಾದ ಪಟ್ಟಿ ಇದೆಯಾ ನೋಡಿ.

ಇನ್ನು ಚರ್ಮ. ಕುರಿ ಚರ್ಮದೊಳಗೆ ಕೊಬ್ಬು ಜಾಸ್ತಿ. ಹದ ಮಾಡುವಾಗ ಅದು ಹೋಗಿ ನಾರುಗಳ ನಡುವೆ ಸಡಿಲ ಉಳಿಯುತ್ತೆ. ಮೆತ್ತಗಿರೋದೂ ಅದಕ್ಕೇ, ಬೇಗ ನೀರು ಕುಡಿಯೋದೂ ಅದಕ್ಕೇ. ಮೇಕೆಯದು ತೆಳುವಾದರೂ ನಾರು ಬಿಗಿ. ಎಮ್ಮೆಯದು ದಪ್ಪ, ನೀರು ಇಳಿಯೋಕೆ ಹೊತ್ತು ಹಿಡಿಯುತ್ತೆ. ಆದರೆ ಒಮ್ಮೆ ನೆನೆದರೆ ಬೆಳಿಗ್ಗೆ ಆಫೀಸಿಗೆ ಹೊರಡುವಾಗಲೂ ಒದ್ದೆ ಇರುತ್ತೆ. ನಿಮ್ಮ ದಾರಿಗೆ ನನ್ನ ಮಾತು ಮೇಕೆ ಚರ್ಮಕ್ಕೇ.

ಪ್ರಾಣಿ ಯಾವುದು ಅನ್ನೋದಕ್ಕಿಂತ ಮೇಲಿನ ಫಿನಿಶ್ ಮುಖ್ಯ. ಬಣ್ಣದ ಪದರ ಚೆನ್ನಾಗಿ ಕೂತಿದ್ದರೆ ಹನಿ ಜಾರಿ ಹೋಗುತ್ತೆ. ಅಂಗಡಿಯವರನ್ನು ಕೇಳಿ, ಕಾಲರ್ ಹಿಂಭಾಗಕ್ಕೆ ಒದ್ದೆ ಬೆರಳು ಒತ್ತಿ. ಆ ಜಾಗ ತಕ್ಷಣ ಕಪ್ಪಾದರೆ ಬಿಟ್ಟುಬಿಡಿ.

ಮಲ್ಲೇಶ್ವರದ ಬುಲೆಟ್
ಜಾಕೆಟ್ ಯಾವುದಾದರೂ ತಗೊಳ್ಳಿ, ಸೀಟಿನ ಕೆಳಗೆ ರೇನ್‌ಕೋಟ್ ಇಟ್ಟಿರಿ. ಜೋರು ಮಳೆಗೆ ಅದೇ ಸರಿ.

ಜಯನಗರ ಟು ಮಾರತ್ತಹಳ್ಳಿ
ಥ್ಯಾಂಕ್ಸ್. ಸ್ವೇಡ್, ಅದೇ ಮಖಮಲ್ಲಿನಂಥ ಮೈಯ ಚರ್ಮ, ಹೇಗೆ? ಮತ್ತೆ ನೆಂದು ಬಂದ ದಿನ ಏನು ಮಾಡೋದು?

ಚರ್ಮದ ಹೊಲಿಗೆಯವನು
ಬುಲೆಟ್ ಅವರು ಹೇಳಿದ್ದು ಸರಿ. ಸ್ವೇಡ್ ಮಳೆಗೆ ಬೇಡವೇ ಬೇಡ. ಅದರಲ್ಲಿ ನಾರು ಹೊರಗೇ ತೆರೆದಿರುತ್ತೆ.

ನೆಂದ ಜಾಕೆಟ್ಟನ್ನು ಒಣ ಬಟ್ಟೆಯಲ್ಲಿ ಒತ್ತಿ, ಹಿಂಡಬೇಡಿ. ಅಗಲವಾದ ಹ್ಯಾಂಗರಿಗೆ ಹಾಕಿ, ಜಿಪ್ ತೆಗೆದು, ಫ್ಯಾನ್ ಕೆಳಗೆ ಬಿಡಿ. ಹೀಟರ್, ಹೇರ್ ಡ್ರೈಯರ್, ಬಿಸಿಲು ಮುಟ್ಟಿಸಬೇಡಿ. ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರು ಕುಗ್ಗುತ್ತೆ, ಆಮೇಲೆ ಯಾರೂ ಸರಿ ಮಾಡೋಕಾಗಲ್ಲ. ಇಂಥ ಜಾಕೆಟ್ ವಾಪಸ್ ಕಳಿಸುವಾಗ ನನಗೆ ನಿಜವಾಗಿ ಬೇಜಾರಾಗುತ್ತೆ.

ಪೂರ್ತಿ ಒಣಗಿದ ಮೇಲೆ ಜೇನುಮೇಣ ಬೆರೆಸಿದ ಕ್ರೀಮನ್ನು ತೆಳುವಾಗಿ ಉಜ್ಜಿ, ಹೊಲಿಗೆಗಳಿಗೆ ಸ್ವಲ್ಪ ಜಾಸ್ತಿ. ಬಣ್ಣ ಗಾಢವಾಗಬಹುದು, ಮೊದಲು ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಬೀರುವಿನಲ್ಲಿಡುವಾಗ ಪ್ಲಾಸ್ಟಿಕ್ ಕವರ್ ಹಾಕಬೇಡಿ, ಬೂಸು ಹಿಡಿಯುತ್ತೆ. ಹಳೇ ಕಾಟನ್ ಪಂಚೆ ಸುತ್ತಿದರೆ ಸಾಕು.