ಕಾನೂನು ಆಯೋಗದ 174ನೇ ವರದಿ ಮತ್ತು 1994ಕ್ಕಿಂತ ಮೊದಲು ಮದುವೆಯಾದ ಹೆಣ್ಣುಮಕ್ಕಳ ಪಾಲು

ಪ್ರಶ್ನೆ (ರೋಣ ತಾಲ್ಲೂಕು, ಗದಗ ಜಿಲ್ಲೆ)
ನಮ್ಮ ಅವ್ವನ ಮದುವೆ 1988ರಲ್ಲಿ ಆಯಿತು. 1999ರಲ್ಲಿ ಅಜ್ಜ ತೀರಿಕೊಂಡರು. ಅಜ್ಜಿ ಅದಕ್ಕೂ ಮೊದಲೇ ಹೋಗಿದ್ದರು. ಒಂಬತ್ತು ಎಕರೆ ಪಿತ್ರಾರ್ಜಿತ ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಈಗ ಇಬ್ಬರು ಸೋದರಮಾವಂದಿರ ಹೆಸರು ಮಾತ್ರ ಇವೆ. ಬಾಯಿಮಾತಿನಲ್ಲಿ ವಾಟ್ನಿ (ಆಸ್ತಿ ಪಾಲು) ಆಗಿದೆ ಎನ್ನುತ್ತಾರೆ. 1994ಕ್ಕೆ ಮೊದಲು ಲಗ್ನವಾದವರಿಗೆ ಪಾಲಿಲ್ಲ ಎಂದು ಹೇಳುತ್ತಲೇ ಹಕ್ಕು ಬಿಡುಗಡೆ ಪತ್ರಕ್ಕೆ ಅವ್ವನ ಸಹಿ ಕೇಳುತ್ತಿದ್ದಾರೆ. ಕಾನೂನು ಆಯೋಗದ ವರದಿಯ ನಂತರ ಈ ನಿಯಮ ಬದಲಾಯಿತು ಎಂದು ಓದಿದ್ದೇನೆ. ನಿಜವೇ?

ಉತ್ತರ 1 (ವಕೀಲೆ, ಧಾರವಾಡ)
ನಿಮಗೆ ಹೇಳಿದ್ದು ಒಂದು ಕಾಲದಲ್ಲಿ ಭಾಗಶಃ ನಿಜವಾಗಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳನ್ನು ಅವಿಭಕ್ತ ಕುಟುಂಬದ ಸಹದಾಯಾದರನ್ನಾಗಿ (ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕುಳ್ಳವರನ್ನಾಗಿ) ಮಾಡಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. ಭಾರತದ ಕಾನೂನು ಆಯೋಗ ಯಾರೂ ಕೇಳದೆ ತಾನಾಗಿಯೇ ಈ ವಿಷಯವನ್ನು ಕೈಗೆತ್ತಿಕೊಂಡು, ನ್ಯಾಯಮೂರ್ತಿ ಬಿ.ಪಿ. ಜೀವನ್ ರೆಡ್ಡಿ ಅವರ ಅಧ್ಯಕ್ಷತೆಯಲ್ಲಿ 2000ನೇ ಇಸವಿಯಲ್ಲಿ 174ನೇ ವರದಿಯನ್ನು ಸಲ್ಲಿಸಿತು. ಗಂಡು ವಾರಸುದಾರರು ಬಯಸುವವರೆಗೆ ಮಗಳು ವಾಸದ ಮನೆಯ ವಿಭಜನೆ ಕೇಳುವಂತಿಲ್ಲ ಎಂದಿದ್ದ, ಆ ಕಾಯ್ದೆಯ 23ನೇ ಕಲಮನ್ನು ತೆಗೆಯಬೇಕೆಂದು ಹೇಳಿದ್ದೂ ಅದೇ ವರದಿ.

ಆದರೆ ಆಯೋಗಕ್ಕೆ ಶಿಫಾರಸು ಮಾಡುವ ಅಧಿಕಾರವಷ್ಟೇ ಇದೆ, ಮತ್ತು ಆ ಶಿಫಾರಸು ಕೂಡ ಮೊದಲೇ ಮದುವೆಯಾದವರನ್ನು ಸಹದಾಯಾದರೆಂದು ಒಪ್ಪಿರಲಿಲ್ಲ. ಸಂಸತ್ತು ಅದನ್ನು ದಾಟಿ ಮುಂದೆ ಹೋಯಿತು: 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಲ್ಲಿ ಮದುವೆಯ ಷರತ್ತೇ ಇಲ್ಲ. ಆ ದಿನ ತಂದೆ ಬದುಕಿರಬೇಕಾಗಿರಲಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು.

ಲೆಕ್ಕ ಹಾಕಿ ನೋಡಿ. ಹಳೆಯ ಕಾನೂನಿನಲ್ಲೂ ಅಜ್ಜ ಮತ್ತು ಇಬ್ಬರು ಗಂಡುಮಕ್ಕಳ ನಡುವೆ ಹಂಚಿದಾಗ ಅಜ್ಜನಿಗೆ ಬರುವ ಮೂರನೇ ಒಂದು ಭಾಗದಲ್ಲಿ ಮೂರನೇ ಒಂದು, ಅಂದರೆ ಒಂದು ಎಕರೆ, ಅವ್ವನಿಗೆ ಸಿಗುತ್ತಿತ್ತು. ಪಾಲೇ ಇಲ್ಲ ಎಂಬ ಮಾತು ಆಗಲೂ ತಪ್ಪೇ. ಈಗಿನ ಕಾನೂನಿನಂತೆ ಮೂವರಿಗೂ ಸಮಪಾಲು, ಮೂರು ಎಕರೆ.

ಉತ್ತರ 2 (ಹಾವೇರಿ)
ಮೇಲಿನ ಮಾತಿಗೆ ಒಂದು ಎಚ್ಚರಿಕೆ ಸೇರಿಸಬೇಕು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ವಾಟ್ನಿ ಆಗಿದ್ದರೆ ಅದನ್ನು ಮತ್ತೆ ತೆರೆಯಲು ಬರುವುದಿಲ್ಲ. ಬರೀ ಬಾಯಿಮಾತಿನ ವಾಟ್ನಿಯನ್ನು ಸಾರ್ವಜನಿಕ ದಾಖಲೆಗಳ ಬಲವಾದ ಆಧಾರವಿಲ್ಲದೆ ಒಪ್ಪುವುದಿಲ್ಲ. ಉತಾರದಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲಕಿ ಬರುವುದೂ ಇಲ್ಲ. ಆದ್ದರಿಂದ 1999ರ ವಾರಸಾ ವರ್ದಿಯ (ವಾರಸುದಾರರ ಹೆಸರು ದಾಖಲಿಸಿದ ಕಂದಾಯ ದಾಖಲೆಯ) ನಕಲನ್ನೂ, ಉಪನೋಂದಣಿ ಕಚೇರಿಯಿಂದ ಋಣಭಾರ ಪ್ರಮಾಣಪತ್ರವನ್ನೂ ಮೊದಲು ತೆಗೆಸಿರಿ. ಅಲ್ಲಿಯವರೆಗೆ ಅವ್ವ ಯಾವ ಕಾಗದಕ್ಕೂ ಸಹಿ ಹಾಕದಿರಲಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಪಾಲು ಕೇಳಿದರೆ ಪಂಚಮಿಗೆ ಕರೆಯಲು ಅಣ್ಣಂದಿರು ಬರುವುದಿಲ್ಲವೇನೋ ಎಂಬುದೇ ಅವ್ವನ ಚಿಂತೆ. ಒಂದು ಎಕರೆ, ಮೂರು ಎಕರೆಯ ಲೆಕ್ಕವನ್ನು ಇಂದು ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, ವರ್ದಿಯ ನಕಲನ್ನು ತೆಗೆಸು ಎಂದಳು. ಸೋಮವಾರ ರೋಣಕ್ಕೆ ಹೋಗುತ್ತೇನೆ.