511ಬಿ ಹಾರ್ನ್ ಗಂಟೆಯ ಹಾಗೆ ಮೊಳಗುತ್ತಿದೆ: ಡ್ಯಾಂಪಿಂಗ್ ಎಲ್ಲಿ, ಯಾವುದರಿಂದ, ಎಷ್ಟು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಮುಚ್ಚಿದ ಚಿತ್ರಮಂದಿರವೊಂದರಿಂದ ಬಂದ ಆಲ್ಟೆಕ್ ಕಂಪನಿಯ 511ಬಿ ಹಾರ್ನ್ (ಸ್ಪೀಕರಿನ ಲೋಹದ ಕಹಳೆ) ಒಂದು ಜೊತೆ ಇದೆ, ಹಿಂದೆ ಸದ್ದು ಹುಟ್ಟಿಸುವ 802 ಡ್ರೈವರ್, 16 ಓಮ್. ಕೆಳಗೆ 15 ಇಂಚಿನ ವೂಫರ್ (ಕೆಳಸ್ಥಾಯಿಯ ಸ್ಪೀಕರ್) ಬಾಕ್ಸ್. ಹಾರ್ನನ್ನು ಬಾಕ್ಸಿನ ತಲೆ ಮೇಲೆ ನೇರವಾಗಿ ಕೂರಿಸಿದೆ, ನಡುವೆ ಏನೂ ಇಲ್ಲ. ಸದ್ದನ್ನು ವೂಫರಿಗೂ ಹಾರ್ನಿಗೂ ಹಂಚುವ ಕ್ರಾಸ್‌ಓವರ್ 500 ಹರ್ಟ್ಜ್, ಹಾರ್ನಿಗೆ ಒಂದೇ ಕೆಪಾಸಿಟರ್. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಚಾನೆಲ್ಲಿಗೆ 20 ವಾಟ್. ಕೋಣೆ 14x18 ಅಡಿ.

ತೊಂದರೆ ಎರಡು. ಹೆಂಗಸರ ಕಂಠ, ನಾಗಸ್ವರ, ಕ್ಲಾರಿನೆಟ್ ಕೆಲವು ಸ್ವರಗಳಲ್ಲಿ ಮೂಗಿನಿಂದ ಹೊರಟ ಹಾಗಿದೆ. ಮೃದಂಗದ ತೊಪ್ಪಿಗೆ ಪೆಟ್ಟು ಬಿದ್ದಾಗಲೆಲ್ಲ ಹಾರ್ನ್ ಕಡೆಯಿಂದ 'ಜಿರ್' ಅನ್ನುತ್ತದೆ. ಬರಿಗೈಲಿ ತಟ್ಟಿದರೆ ಎರಡೂ ಹಾರ್ನ್ ಚೆನ್ನಾಗಿಯೇ ಮೊಳಗುತ್ತವೆ. ಕಾರಿನ ಡ್ಯಾಂಪಿಂಗ್ (ಅದುರುವಿಕೆ ತಗ್ಗಿಸುವ) ಶೀಟ್ ಸುತ್ತಿದರೆ ಸಾಕೇ? ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದುಬಿಡಿ ಅಂತ ಒಬ್ಬರು ಹೇಳುತ್ತಿದ್ದಾರೆ. ಒಮ್ಮೆ ಅಂಟಿಸಿದ್ದನ್ನು ಕೀಳುವುದು ಕಷ್ಟ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಹಳೇವಾಲ್ವ್:

ಸರ್, ಸದ್ಯಕ್ಕೆ ಏನನ್ನೂ ಅಂಟಿಸಬೇಡಿ. ನೀವು ಹೇಳಿದ್ದರಲ್ಲಿ ಮೂರು ಬೇರೆ ಬೇರೆ ಕಾಯಿಲೆ ಬೆರೆತಿರಬಹುದು: ಹಾರ್ನಿನ ಗೋಡೆ ಅದುರುವುದು, ಬಾಕ್ಸಿನ ನಡುಕ ಹಾರ್ನಿಗೆ ಹತ್ತುವುದು, ಹಾರ್ನಿನ ಬಾಯಿಯಿಂದ ಸದ್ದು ಒಳಕ್ಕೆ ತಿರುಗಿ ಬರುವುದು. ಡ್ಯಾಂಪಿಂಗ್ ಶೀಟು ಮೊದಲನೆಯದಕ್ಕೆ ಮಾತ್ರ ಮದ್ದು.

ಮೊದಲ ಪರೀಕ್ಷೆ. ಹಾರ್ನ್ ಡ್ರೈವರಿನ ತಂತಿ ಬಿಚ್ಚಿ, ಅದರ ಜಾಗದಲ್ಲಿ 15 ಓಮ್, 10 ವಾಟಿನ ರೆಸಿಸ್ಟರ್ ಹಾಕಿ. ಈಗ ವೂಫರ್ ಮಾತ್ರ ಹಾಡುತ್ತದೆ. ಅದೇ ಮೃದಂಗದ ತುಣುಕನ್ನು ಅದೇ ವಾಲ್ಯೂಮಿನಲ್ಲಿ ಹಾಕಿ. 'ಜಿರ್' ಇನ್ನೂ ಇದ್ದರೆ ಡ್ರೈವರಿಗೂ ಅದಕ್ಕೂ ಸಂಬಂಧವಿಲ್ಲ, ಬಾಕ್ಸೇ ಹಾರ್ನನ್ನು ಕುಣಿಸುತ್ತಿದೆ. ಸಡಿಲ ನಟ್ಟು, ಟರ್ಮಿನಲ್ಲಿನ ವಾಷರ್, ತಂತಿ ಹಾರ್ನಿಗೆ ತಗಲುವುದು, ಇವನ್ನೂ ನೋಡಿ. ಚಿತ್ರಮಂದಿರದ ಮಾಲು ಅಂದಿರಿ, ಒಳಗೆ ಟಾರ್ಚ್ ಬಿಟ್ಟು ನೋಡಿ: ಕಣಜ ಕಟ್ಟಿದ ಮಣ್ಣಿನ ಗೂಡು ಗಂಟಲ (ಡ್ರೈವರ್ ಕೂರುವ ಕಿರಿದಾದ ತುದಿ) ಹತ್ತಿರ ಇರುವುದು ಅಪರೂಪವೇನಲ್ಲ.

ಎರಡನೆಯದು ತಟ್ಟುವ ಪರೀಕ್ಷೆ. ಡ್ರೈವರ್ ಹಾರ್ನಿನಲ್ಲೇ ಇರಲಿ, ಬಾಯಿಗೆ ಒಂದು ದಪ್ಪ ಟವೆಲ್ ತುರುಕಿ. ಸ್ಕ್ರೂಡ್ರೈವರಿನ ರಬ್ಬರ್ ಹಿಡಿಯಿಂದ ಮೇಲ್ಗೋಡೆಯ ನಡುವೆ ತಟ್ಟಿ, ಒಂದು ಗೇಣು ದೂರದಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿ. ಆಡಾಸಿಟಿ ಸಾಫ್ಟ್‌ವೇರಿನಲ್ಲಿ ತೆರೆದು ಸ್ಪೆಕ್ಟ್ರಮ್ ನೋಡಿದರೆ ಗೋಡೆ ಯಾವ ಹರ್ಟ್ಜಿಗೆ ಮೊಳಗುತ್ತದೆ ಅನ್ನುವುದು ಎದ್ದು ಕಾಣುತ್ತದೆ. ಆ ಅಂಕಿ ಬರೆದಿಟ್ಟುಕೊಳ್ಳಿ. ಆಮೇಲೆ ಡ್ರೈವರಿಗೆ ಅದೇ ಹರ್ಟ್ಜಿನ ಸೈನ್ ಟೋನ್ ಸಣ್ಣಗೆ ಕೊಟ್ಟು, ಗೋಡೆಯನ್ನು ಅಂಗೈಯಿಂದ ಒತ್ತಿ ಹಿಡಿದು ಬಿಡಿ. ಸದ್ದಿನ ಬಣ್ಣ ಬದಲಾದರೆ ಡ್ಯಾಂಪಿಂಗ್ ಕೆಲಸಕ್ಕೆ ಬರುತ್ತದೆ. ಬದಲಾಗದಿದ್ದರೆ ಶೀಟಿನ ದುಡ್ಡು ಉಳಿಯಿತು.

ಕುಡ್ಲಸೌಂಡ್:

ನನ್ನ ಲೆಕ್ಕದಲ್ಲಿ ಇದಕ್ಕೆ ಅತಿ ಮಹತ್ವ ಕೊಡುವವರೇ ಜಾಸ್ತಿ ಮಾರಾಯ್ರೆ. ಈ ಹಾರ್ನ್, ಡ್ರೈವರ್ ಜೋಡಿ ಒಂದು ವಾಟಿಗೆ ಒಂದು ಮೀಟರಿನಲ್ಲಿ 105 ಡೆಸಿಬೆಲ್ ಆಸುಪಾಸು ಕೊಡುತ್ತದೆ ಅಂತ ಇಟ್ಟುಕೊಳ್ಳಿ. ಮನೆಯಲ್ಲಿ 85 ಡೆಸಿಬೆಲ್ಲಿಗೆ ಕೇಳುವಾಗ ಡ್ರೈವರಿಗೆ ಹೋಗುವುದು 10 ಮಿಲಿವಾಟ್. ಅಷ್ಟರಲ್ಲಿ ಎರಕದ ಅಲ್ಯುಮಿನಿಯಂ ಎಷ್ಟು ಕುಣಿದೀತು? ತಟ್ಟಿದರೆ ಮೊಳಗುತ್ತದೆ ನಿಜ, ಆದರೆ ಸಂಗೀತ ಯಾರೂ ಸ್ಕ್ರೂಡ್ರೈವರಿನಿಂದ ಬಾರಿಸುವುದಿಲ್ಲ ಅಲ್ವಾ. 511ಬಿಯನ್ನು 500ಕ್ಕೆ ಒಂದೇ ಕೆಪಾಸಿಟರಿನಲ್ಲಿ ಓಡಿಸುತ್ತಿದ್ದೀರಿ, ಮೂಗಿನ ಧ್ವನಿಗೆ ಅದೇ ಸಾಕು.

ಹಳೇವಾಲ್ವ್:

ಅರ್ಧ ಒಪ್ಪುತ್ತೇನೆ. ಗೋಡೆ ಹೊರಡಿಸುವ ಸದ್ದು ಬಾಯಿಂದ ಬರುವುದಕ್ಕಿಂತ ತುಂಬ ಕೆಳಗಿದೆ, ಸರಿ. ಆದರೆ ಸ್ವರ ನಿಂತ ಮೇಲೂ ಅದು ಉಳಿಯುತ್ತದೆ, ಕಿವಿಗೆ ಸಿಗುವುದು ಆ ಬಾಲ. ಫ್ರೀಕ್ವೆನ್ಸಿ ರೆಸ್ಪಾನ್ಸ್ ಗೆರೆಯಲ್ಲಿ ಅರ್ಧ ಡೆಸಿಬೆಲ್ಲೂ ಕಾಣದ ಅದುರುವಿಕೆ, ಸದ್ದು ಹೇಗೆ ಸಾಯುತ್ತದೆ ಅಂತ ತೋರಿಸುವ ಡಿಕೇ ಗ್ರಾಫಿನಲ್ಲಿ ಕಾಣುತ್ತದೆ. ಯಾವುದು ಎಷ್ಟು ಅನ್ನುವುದನ್ನು ಪರೀಕ್ಷೆಯೇ ಹೇಳಲಿ.

ತುಂಗಾತೀರ:

ಪರೀಕ್ಷೆ ಆಯಿತು. ರೆಸಿಸ್ಟರ್ ಹಾಕಿದರೂ 'ಜಿರ್' ಹಾಗೇ ಇದೆ, ಹಾರ್ನನ್ನು ಎತ್ತಿ ಹಿಡಿದರೆ ಮಾಯ. ಗೂಡು ಇರಲಿಲ್ಲ. ತಟ್ಟಿದಾಗ ಸ್ಪೆಕ್ಟ್ರಮ್ಮಿನಲ್ಲಿ 640 ಹತ್ತಿರ ಎತ್ತರದ ಶಿಖರ, 1,150 ಹತ್ತಿರ ಚಿಕ್ಕದೊಂದು. 640 ಟೋನ್ ಕೊಟ್ಟು ಮೇಲ್ಗೋಡೆ ಒತ್ತಿದರೆ ಸದ್ದು ಸ್ವಲ್ಪ ಒಣಗಿದ ಹಾಗಾಗುತ್ತದೆ. ಪಕ್ಕದ ಗೋಡೆ ಒತ್ತಿದರೆ ಏನೂ ವ್ಯತ್ಯಾಸವಿಲ್ಲ.

ಎರಕದಮನೆ:

ಹಾಗಿದ್ದರೆ 'ಜಿರ್' ಬಾಕ್ಸಿನ ಲೆಕ್ಕಕ್ಕೆ, 640 ಗೋಡೆಯ ಲೆಕ್ಕಕ್ಕೆ. ಪಕ್ಕದ ಗೋಡೆ ಕಿರಿದು, ಬಿಗಿ. ಅದನ್ನು ಮರೆತುಬಿಡಿ. ಅಗಲವಾದ ಮೇಲಿನ, ಕೆಳಗಿನ ಗೋಡೆಗಳಲ್ಲಿ, ಬಾಯಿಯ ಕಡೆಯ ಮೂರನೇ ಎರಡು ಭಾಗಕ್ಕೆ ಮಾತ್ರ ಕೆಲಸ.

ಶೀಟ್ ತರುವ ಮುನ್ನ ಒಂದು ವಿಷಯ. ಫಾಯಿಲ್ ಮೆತ್ತಿದ 2 ಮಿ.ಮೀ. ಬ್ಯುಟೈಲ್ (ಅಂಟುವ ಮೆತ್ತನೆ ರಬ್ಬರ್) ಶೀಟನ್ನು ಮಾಡಿರುವುದು ಕಾರಿನ ಬಾಗಿಲಿಗೆ. ಬಾಗಿಲ ತಗಡು ಒಂದು ಮಿ.ಮೀ. ಒಳಗೆ, ಫಾಯಿಲ್ ಸುಮಾರು 0.1 ಮಿ.ಮೀ. ತಗಡು ಬಾಗಿದಾಗ ಮೇಲಿನ ಫಾಯಿಲ್ ಹಿಗ್ಗಲು ಒಪ್ಪದೆ ನಡುವಿನ ಬ್ಯುಟೈಲನ್ನು ಜಗ್ಗುತ್ತದೆ, ಆ ಜಗ್ಗಾಟದಲ್ಲಿ ಕಂಪನ ಬಿಸಿಯಾಗಿ ಕಳೆದುಹೋಗುತ್ತದೆ. ನಿಮ್ಮ ಹಾರ್ನಿನ ಎರಕ ಅದಕ್ಕಿಂತ ಎಷ್ಟೋ ದಪ್ಪ. ಆ ತೆಳು ಫಾಯಿಲ್ ಇದನ್ನು ತಡೆಯಲಾರದು, ಬರೀ ತೂಕ ಸೇರುತ್ತದೆ. ಹಾಗಾಗಿ ಫಾಯಿಲ್ ಇಲ್ಲದ, ಎರಡೂ ಕಡೆ ಅಂಟುವ 1 ರಿಂದ 2 ಮಿ.ಮೀ. ಬ್ಯುಟೈಲ್ ಟೇಪ್ ತನ್ನಿ (ಚಾವಣಿ ಸೋರಿಕೆಗೆ ಬಳಸುತ್ತಾರೆ), ಅದರ ಮೇಲೆ 1 ಮಿ.ಮೀ. ಅಲ್ಯುಮಿನಿಯಂ ತಗಡು ಒತ್ತಿ. ಬೆಂಗಳೂರಿನಲ್ಲಿದ್ದರೆ ಕಾರಿನ ಶೀಟು, ಬಾಗಿಲಿನ ರಬ್ಬರು ಜೆ.ಸಿ. ರಸ್ತೆಯಲ್ಲಿ ಸಿಗುತ್ತವೆ. ತಗಡು ಯಾವ ಊರಲ್ಲಾದರೂ ಡಕ್ಟ್ ಮಾಡುವವರ ಹತ್ತಿರ ಕತ್ತರಿಸಿಕೊಂಡು ಬನ್ನಿ. ಒಂದು ಹಾರ್ನಿಗೆ ಮೇಲೆ ಕೆಳಗೆ ಸೇರಿ 0.15 ಚದರ ಮೀಟರ್ ಬೇಕಾದೀತು. ಎರಡಕ್ಕೂ, ಕತ್ತರಿಸಿ ಹಾಳಾಗುವುದನ್ನೂ ಸೇರಿಸಿ, 0.4 ಇಟ್ಟುಕೊಳ್ಳಿ.

ಡ್ರೈವರನ್ನು ಮೊದಲು ಬಿಚ್ಚಿ ಬೇರೆ ಕೋಣೆಯಲ್ಲಿಡಿ, ಅದರ ಬಾಯಿಗೆ ಆ ಕ್ಷಣವೇ ಮಾಸ್ಕಿಂಗ್ ಟೇಪ್. ಕೆಲಸ ಮಾಡುವ ಜಾಗದಲ್ಲಿ ಬಿದ್ದ ಕಬ್ಬಿಣದ ಪುಡಿ ಅಯಸ್ಕಾಂತಕ್ಕೆ ಓಡಿಹೋಗಿ ವಾಯ್ಸ್ ಕಾಯಿಲಿನ ಸಂದಿಯಲ್ಲಿ ಕೂತರೆ ಡಯಾಫ್ರಾಮಿಗೆ (ಸದ್ದು ಹುಟ್ಟಿಸುವ ತೆಳು ಪೊರೆಗೆ) ಕೇಡು. ಅಂಥ ಪುಡಿಯನ್ನು ಅಲ್ಲಿಂದ ತೆಗೆಯುವುದು ಮಹಾ ಪ್ರಯಾಸ.

ಹಾರ್ನಿನ ಹಳೇ ಬಣ್ಣ ಏಳುತ್ತಿದೆಯಾ ನೋಡಿ. ಎದ್ದಿದ್ದರೆ 120 ನಂಬರಿನ ಎಮರಿ ಪೇಪರಿನಿಂದ ಉಜ್ಜಿ ತೆಗೆಯಿರಿ, ಇಲ್ಲವಾದರೆ ಬ್ಯುಟೈಲ್ ಬಣ್ಣದ ಸಮೇತ ಕಿತ್ತು ಬರುತ್ತದೆ. ಒರೆಸುವುದು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ. ಸೀಮೆಎಣ್ಣೆ ಬೇಡ, ಜಿಡ್ಡು ಬಿಡುತ್ತದೆ. ತಗಡನ್ನು ಹಾರ್ನಿನ ಬಾಗಿಗೆ ಸರಿಯಾಗಿ ಮೊದಲೇ ಬಗ್ಗಿಸಿಕೊಳ್ಳಿ. ಬಿಟ್ಟ ಮೇಲೂ ತಾನಾಗಿ ಕೂರಬೇಕು, ಸ್ಪ್ರಿಂಗಿನ ಹಾಗೆ ಎದ್ದರೆ ದಿನ ಕಳೆದಂತೆ ಅಂಚು ಬಿಚ್ಚಿಕೊಳ್ಳುತ್ತದೆ. ಒಂದೇ ದೊಡ್ಡ ತುಂಡು ಕೂರುವುದಿಲ್ಲ, 10x15 ಸೆಂ.ಮೀ. ತುಂಡುಗಳೇ ಸರಿ. ಎರಕದ ಏಣು ಇದ್ದರೆ ಅದರ ಮೇಲೆ ಹತ್ತಿಸದೆ ಎರಡೂ ಪಕ್ಕಕ್ಕೆ ಬೇರೆ ತುಂಡು ಹಾಕಿ. ಹೇರ್ ಡ್ರೈಯರಿನಿಂದ ಬ್ಯುಟೈಲ್ ಬೆಚ್ಚಗೆ ಮಾಡಿ, ನಡುವಿನಿಂದ ಅಂಚಿಗೆ ರೋಲರ್ ಒತ್ತಿ ಗಾಳಿ ಹೊರಡಿಸಿ. ಗಾಳಿಗುಳ್ಳೆ ಉಳಿದ ಜಾಗದಲ್ಲಿ ಡ್ಯಾಂಪಿಂಗ್ ಸೊನ್ನೆ.

ತಗಡಿಗೆ ಸ್ಕ್ರೂ ಹೊಡೆಯಬೇಡಿ. ಬಿದ್ದೀತೆಂಬ ಭಯಕ್ಕೆ ನಾಲ್ಕು ಮೂಲೆಗೆ ಸ್ಕ್ರೂ ಹಾಕುವವರಿದ್ದಾರೆ. ಹಾಕಿದರೆ ತಗಡೂ ಹಾರ್ನೂ ಒಂದೇ ಆಗಿ, ನಡುವಿನ ಬ್ಯುಟೈಲಿಗೆ ಜಗ್ಗಾಡಲು ಜಾಗವೇ ಇರುವುದಿಲ್ಲ.

ತುಂಗಾತೀರ:

ಸ್ಪಷ್ಟವಾಯಿತು ಸರ್. ಪ್ಲಾಸ್ಟರ್, ಎಂ-ಸೀಲ್, ಡಾಂಬರು ಶೀಟ್, ಸಿಲಿಕೋನ್: ಇವು ಯಾವುವೂ ಬೇಡವೇ? ಎಂ-ಸೀಲ್ ಮನೆಯಲ್ಲೇ ಇದೆ.

ಎರಕದಮನೆ:

ಎಂ-ಸೀಲ್ ಗಟ್ಟಿಯಾದ ಮೇಲೆ ಕಲ್ಲು. ಕಂಪನವನ್ನು ಇನ್ನೊಂದು ಹರ್ಟ್ಜಿಗೆ ತಳ್ಳುತ್ತದೆ, ಕೊಲ್ಲುವುದಿಲ್ಲ. ಪ್ಲಾಸ್ಟರ್ ತೂಕದಿಂದ ಕೊಂಚ ಸಹಾಯ ಮಾಡೀತು, ಆದರೆ ಬಿರುಕು ಬಿಟ್ಟು ಚೂರು ಸಡಿಲವಾದರೆ ಹೊಸದೊಂದು 'ಜಿರ್' ತಂದಿಡುತ್ತದೆ. ಡಾಂಬರು ಶೀಟು ಅಗ್ಗ, ಬೇಸಿಗೆಯಲ್ಲಿ ಮೆತ್ತಗಾಗಿ ಜಾರುತ್ತದೆ, ಕೋಣೆಯೆಲ್ಲ ವಾಸನೆ. ಕೆಳಗಿನ ಗೋಡೆಗೆ ತಲೆಕೆಳಗಾಗಿ ಅಂಟಿಸುವುದಂತೂ ಬೇಡವೇ ಬೇಡ. ಸಿಲಿಕೋನ್ ಬಳಸಲೇಬೇಕಾದರೆ ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದು ನೋಡಿ ತನ್ನಿ. ವಿನೆಗರ್ ವಾಸನೆಯದು ಆರುವಾಗ ಆಮ್ಲ ಬಿಡುತ್ತದೆ, ತಾಮ್ರದ ತುದಿಗಳಿಗೆ ಕಿಲುಬು ಹಿಡಿಸುತ್ತದೆ. ಮತ್ತೆ, ಏನೇ ಹಚ್ಚಿದರೂ ಹೊರಮೈಗೆ. ಹಾರ್ನಿನ ಒಳಮೈ ಮುಟ್ಟಬಾರದು.

ಹಳೇವಾಲ್ವ್:

'ಜಿರ್'ಗೆ ಮದ್ದು ಬೇರೆ ಇದೆ. ಹಾರ್ನಿನ ಬಾಯಂಚು ಬಾಕ್ಸಿಗೋ ಮರದ ಬ್ಯಾಫಲ್ಲಿಗೋ ತಗಲುವ ಕಡೆಯೆಲ್ಲ 5 ಮಿ.ಮೀ. ಇಪಿಡಿಎಂ (ಒಂದು ಬಗೆಯ ರಬ್ಬರ್) ಫೋಮ್ ಪಟ್ಟಿ ಸುತ್ತ ಕೂಡಿಸಿ. ಸ್ಕ್ರೂ ಇದ್ದರೆ ತಲೆಯ ಕೆಳಗೆ ರಬ್ಬರ್ ವಾಷರ್, ರಂಧ್ರ ಸ್ಕ್ರೂಗಿಂತ 2 ಮಿ.ಮೀ. ದೊಡ್ಡದು. ಪಟ್ಟಿ ಅರ್ಧಕ್ಕೆ ಕುಸಿಯುವಷ್ಟು ಮಾತ್ರ ಬಿಗಿ ಮಾಡಿ. ಪೂರ್ತಿ ಹಿಂಡಿದ ಫೋಮ್ ಇದ್ದೂ ಇಲ್ಲದ ಹಾಗೆ.

ಡ್ರೈವರ್ ಹಿಂದೆ ತೂಗಾಡುತ್ತಿದ್ದರೆ ಭಾರವೆಲ್ಲ ಗಂಟಲ ಫ್ಲಾಂಜಿನ ಮೇಲೆ ಬೀಳುತ್ತದೆ. ಅದರಡಿಗೆ ಮರದ ತುಂಡು, ಮೇಲೆ 10 ಮಿ.ಮೀ. ಮೆತ್ತನೆ ರಬ್ಬರ್. ತಗಲಿದರೆ ಸಾಕು, ಎತ್ತಿ ಹಿಡಿಯಬಾರದು. ಡ್ರೈವರ್ ವಾಪಸ್ ಕೂರಿಸುವಾಗ ಗ್ಯಾಸ್ಕೆಟ್ ಹೊಸದು ಹಾಕಿ, ಅದರ ಒಳ ಅಂಚು ಗಂಟಲ ದಾರಿಗೆ ಚಾಚಿಕೊಂಡಿಲ್ಲ ಅಂತ ಬೆರಳಾಡಿಸಿ ನೋಡಿ. ಅಲ್ಲಿ ಒಂದು ಮಿ.ಮೀ. ಮೆಟ್ಟಿಲಿದ್ದರೂ ಮೇಲಿನ ಸ್ಥಾಯಿ ಕೆಡುತ್ತದೆ, ಜನ ಡಯಾಫ್ರಾಮನ್ನು ಬೈಯುತ್ತಾರೆ.

ತುಂಗಾತೀರ:

ಒಂದು ಹಾರ್ನ್ ಮುಗಿಯಿತು, ಹೋಲಿಸಲು ಇನ್ನೊಂದನ್ನು ಹಾಗೇ ಬಿಟ್ಟಿದ್ದೇನೆ. 'ಜಿರ್' ಪೂರ್ತಿ ಹೋಯಿತು. ತಟ್ಟಿದರೆ 'ಟಕ್' ಅನ್ನುತ್ತದೆ ಅಷ್ಟೇ. 640ರ ಶಿಖರ ಹುಡುಕಬೇಕು, 1,150 ತಗ್ಗಿದೆ ಆದರೆ ಇದೆ. ಕಂಠ ಒಣಗಿ ಶುದ್ಧವಾಗಿದೆ, ಆದರೂ ಮೂಗಿನ ಎಳೆ ಪೂರ್ತಿ ಹೋಗಿಲ್ಲ.

ಕುಡ್ಲಸೌಂಡ್:

ಉಳಿದದ್ದು ಕ್ರಾಸ್‌ಓವರಿನದ್ದು ಮಾರಾಯ್ರೆ, ಶೀಟಿನಿಂದ ಹೋಗುವುದಲ್ಲ. 511ಬಿಗೆ ಕಂಪನಿ 500 ಅಂತ ಬರೆದದ್ದು ಚಿತ್ರಮಂದಿರಕ್ಕೆ. ಆ ಅಂಚಿನ ಹತ್ತಿರ ಹಾರ್ನ್ ಗಾಳಿಗೆ ಸರಿಯಾಗಿ ಹಿಡಿತ ಕೊಡುವುದಿಲ್ಲ, ಬಾಯಿಯಿಂದ ಸದ್ದು ಒಳಕ್ಕೆ ತಿರುಗುತ್ತದೆ. ಒಂದೇ ಕೆಪಾಸಿಟರ್ ಅಂದರೆ ಆಕ್ಟೇವಿಗೆ 6 ಡೆಸಿಬೆಲ್ ಇಳಿಜಾರು, ಅಂದರೆ 250 ಹರ್ಟ್ಜಿನಲ್ಲೂ ಡ್ರೈವರ್ ದುಡಿಯುತ್ತಲೇ ಉಂಟು. 800ಕ್ಕೆ ಏರಿಸಿ, ಸೆಕೆಂಡ್ ಆರ್ಡರ್ (ಇಳಿಜಾರು ಇದರ ಎರಡರಷ್ಟು) ಮಾಡಿ. 16 ಓಮಿಗೆ ಬಟರ್‌ವರ್ತ್ ಲೆಕ್ಕದಲ್ಲಿ ಸರಣಿಯಲ್ಲಿ 8.8 ಮೈಕ್ರೊಫ್ಯಾರಡ್, ಡ್ರೈವರಿಗೆ ಸಮಾಂತರವಾಗಿ 4.5 ಮಿಲಿಹೆನ್ರಿ. 6.8 ಮತ್ತು 2.0 ಪಾಲಿಪ್ರೊಪಿಲೀನ್ ಕೆಪಾಸಿಟರ್ ಜೊತೆ ಸೇರಿಸಿದರೆ ಆಯಿತು. ಎಲ್-ಪ್ಯಾಡ್ (ಹಾರ್ನಿನ ಸದ್ದು ತಗ್ಗಿಸುವ ರೆಸಿಸ್ಟರ್ ಜೋಡಣೆ) ಇದ್ದರೆ ಕ್ರಾಸ್‌ಓವರ್ ಆದ ಮೇಲೆ, ಡ್ರೈವರಿಗಿಂತ ಮೊದಲು, ಅದೂ 16 ಓಮಿನದ್ದು. ಡ್ರೈವರಿನ ಇಂಪೆಡೆನ್ಸ್ ಎಲ್ಲ ಕಡೆ 16 ಇರುವುದಿಲ್ಲ, ಆದ್ದರಿಂದ ಈ ಅಂಕಿಗಳಿಂದ ಶುರು ಮಾಡಿ ಅಳೆದು ತಿದ್ದಿ. ವೂಫರ್ ಕಡೆಯನ್ನೂ 800ರವರೆಗೆ ಬಿಡಬೇಕು, ಅದು ಮರೆಯಬೇಡಿ. ನಿಮ್ಮ 15 ಇಂಚು ಅಲ್ಲಿಯವರೆಗೆ ನೆಟ್ಟಗೆ ಹಾಡುತ್ತದಾ ಮೊದಲು ಅಳೆಯಿರಿ.

ತುಂಗಾತೀರ:

ವೂಫರ್ 1,000ದವರೆಗೆ ಪರವಾಗಿಲ್ಲ. ಪೊಲಾರಿಟಿ (ಪ್ಲಸ್, ಮೈನಸ್ ತಂತಿ) ತಿರುಗಿಸಬೇಕಾ?

ಕುಡ್ಲಸೌಂಡ್:

ಪುಸ್ತಕದ ಪ್ರಕಾರ ಸೆಕೆಂಡ್ ಆರ್ಡರಿಗೆ ಒಂದನ್ನು ತಿರುಗಿಸಬೇಕು. ಆದರೆ ಹಾರ್ನಿನ ಡ್ರೈವರ್ ವೂಫರಿಗಿಂತ ಹಿಂದೆ ಕೂತಿರುತ್ತದೆ, ಆ ದೂರ ಲೆಕ್ಕ ಕೆಡಿಸುತ್ತದೆ. ಕೂರುವ ಜಾಗದಲ್ಲಿ ಮೈಕ್ ಇಟ್ಟು ಎರಡೂ ರೀತಿ ಅಳೆಯಿರಿ. 800ರಲ್ಲಿ ಗುಂಡಿ ಬೀಳದ ಜೋಡಣೆ ಉಳಿಸಿಕೊಳ್ಳಿ. ಎರಡರಲ್ಲೂ ಅರೆಬರೆ ಬಂದರೆ ಹಾರ್ನನ್ನು ಬಾಕ್ಸಿನ ಮೇಲೆ ಎರಡೆರಡು ಸೆಂ.ಮೀ. ಹಿಂದೆ ಮುಂದೆ ಸರಿಸಿ ನೋಡಿ. ಫೋಮ್ ಪಟ್ಟಿಯ ಮೇಲಿದೆಯಲ್ಲ, ಈಗ ಸರಿಸುವುದು ಸುಲಭ.

ಎರಕದಮನೆ:

ಎರಡನೇ ಹಾರ್ನಿಗೂ ತುಂಡುಗಳು ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಇರಲಿ. 1,150 ಉಳಿದಿದೆ ಅಂದಿರಿ: ತಟ್ಟುತ್ತಾ ಬಾಯಂಚಿನ ಮೂಲೆಗಳನ್ನು ಒಂದೊಂದಾಗಿ ಹಿಡಿದು ನೋಡಿ. ಯಾವ ಮೂಲೆ ಹಿಡಿದಾಗ ಸದ್ದು ಸಾಯುತ್ತದೋ ಅಲ್ಲಿ 5x5 ಸೆಂ.ಮೀ. ತುಂಡೊಂದು ಸಾಕು, ಮತ್ತೊಂದು ಪದರ ಹೊದಿಸಬೇಕಿಲ್ಲ.